ಅರಿಶಿನ ಕೆಂಪಾದ ಮದುವೆ

"ಏಯ್ ಮಾದೇವ! ನೀನು ಸುಣ್ಣ ಒಡೀತಿರಾದು ನಿನ್ನ ಮನೆ ಗೋಡೆಗೋ, ನಮ್ಮ ಒಟ್ಟೆಗೋ? ಈಚೆಗ್ ಬಂದು ಯೋಳು!"

ಬೆಳಗಾಗುತ್ತಲೇ ಬೆಟ್ಟಮ್ಮ ಮಹದೇವಯ್ಯನ ಬಾಗಿಲಿಗೆ ಬಂದು ನಿಂತಿದ್ದಳು. ಸೊಂಟದ ಮೇಲೆ ತುಂಬಿದ ಕೊಡ. ಅವಳ ಗಂಟಲು ಎಂಥದೆಂದರೆ, ಮೇಲುಬೀದಿಯಲ್ಲಿ ನಿಂತು ತನ್ನ ಎಮ್ಮೆಯನ್ನು ಬೈದರೆ ಕೆಳಬೀದಿಯ ಎಮ್ಮೆಗಳು ಎದ್ದು ನಿಲ್ಲುತ್ತಿದ್ದವು. ಮಹದೇವಯ್ಯ ಬೇವಿನಕಡ್ಡಿ ಕಚ್ಚಿಕೊಂಡೇ ಹೊರಗೆ ಬಂದ.

"ಏನ್ ಬೆಟ್ಟಕ್ಕ, ಒತ್ತಾರೆಗೇ ಮಂಗಳಾರತಿ?"

"ಬಂದು ನೋಡು ಇಲ್ಲಿ. ನೆನ್ನೆ ತಂದು ಮಡಗಿದ್ದ ನೀರು. ಮೇಲೆ ಬಿಳೀ ಕೆನೆ ಕಟ್ಟದೆ. ಕುಡುದ್ರೆ ನಾಲ್ಗೆ ಚುರುಚುರು ಅಂತದೆ."

ಮಹದೇವಯ್ಯ ಕೊಡದೊಳಗೆ ಇಣುಕಿ ನೋಡಿದ. "ಕೆನೆ ಕಟ್ಟದೆ ಅಂದ್ರೆ ಒಳ್ಳೇದೇ ಆಯ್ತಲ್ಲಕ್ಕ. ಒಸಿ ಎಪ್ಪಾಕಿ ಮಡಗು. ನಾಳೀಕೆ ಬೆಣ್ಣೆ ತಗೀಬೋದು."

ಬೀದಿಯಲ್ಲಿದ್ದವರೆಲ್ಲ ನಕ್ಕರು. ಬೆಟ್ಟಮ್ಮನಿಗೂ ನಗು ಬಂತು. ಆದರೂ ಕೊಡದ ನೀರಷ್ಟನ್ನೂ ಅವನ ಹೊಸ್ತಿಲ ಮುಂದೆ ಸುರಿದು, "ತಕೋ, ನಿನ್ನ ಬೆಣ್ಣೆ ನೀನೇ ತಗಿ" ಎಂದು ಹೊರಟುಹೋದಳು.

ಇದು ನಡೆದದ್ದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಚಿಕ್ಕರಸಿನಕೆರೆ ಕಡೆ ಎಂದರೆ ಸಾಕು. ಊರಿನ ಹೆಸರು ಹೇಳಿದರೆ ಅಲ್ಲಿಯವರು ಬೆಟ್ಟಮ್ಮನನ್ನೇ ನಮ್ಮ ಮೇಲೆ ಕಳಿಸಿಯಾರು.

ನಾಲೆ ನೀರು ಬಂದ ಮೇಲೆ ಆ ಕಡೆಯ ಹೊಲಗಳೆಲ್ಲ ಗದ್ದೆಗಳಾದವು. ರಾಗಿ ಬಿತ್ತುತ್ತಿದ್ದವರು ಕಬ್ಬು ನೆಟ್ಟರು. ಮಹದೇವಯ್ಯನ ಕಬ್ಬೂ ಸೊಗಸಾಗಿ ಬಂತು. ಅಪ್ಪನ ಕಾಲದ ಮಣ್ಣುಗೋಡೆಯ ಮನೆಯ ಪಕ್ಕದಲ್ಲಿ ಇಟ್ಟಿಗೆ ಗಾರೆಯ ಹೊಸ ಮನೆ ಎಬ್ಬಿಸಿದ. ಒಬ್ಬಳೇ ಮಗಳು ಇಂದ್ರಮ್ಮನಿಗೆ ಮಳವಳ್ಳಿ ಕಡೆಯ ಗಂಡು ಗೊತ್ತಾಗಿತ್ತು. ಹುಡುಗನ ಹೆಸರು ಪುಟ್ಟರಾಜು. ಹೊಸ ಮನೆಯ ಮುಂದೆ ಚಪ್ಪರ ಹಾಕಿ, ಆ ಮನೆಯ ಬಾಗಿಲಿನಿಂದಲೇ ಮಗಳನ್ನು ಕಳಿಸಿಕೊಡಬೇಕು ಎಂದು ಅವನ ಆಸೆ. ಹೆಣ್ಣು ಹೆತ್ತವರ ಆಸೆ ಅಂಥದೇ. ಹಗಲೆಲ್ಲ ದುಡಿದು ಹಣ್ಣಾದವರಿಗೆ ಅಷ್ಟೂ ಆಸೆ ಬೇಡವೆ? ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಾದದ್ದು ಸುಣ್ಣದ ಗುಂಡಿ ತೋಡಿದ ಜಾಗದಲ್ಲಿ.

ಗಾರೆ ಕೆಲಸ ಬಲ್ಲವರಿಗೆ ಗೊತ್ತು. ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಗೆ ಹಾಕಿ ನೀರು ಬಿಡಬೇಕು. ಅದು ಕೊತಕೊತ ಕುದಿದು, ಅರಳಿ, ಬೆಣ್ಣೆಯಂತಾಗುವವರೆಗೂ ನೆನೆಯಬೇಕು. ಅದಕ್ಕೆ ಬೇಕಾದ ನೀರು ಒಂದೆರಡು ಕೊಡವಲ್ಲ. ಮಹದೇವಯ್ಯನ ಮನೆ ಇದ್ದದ್ದು ದಿಣ್ಣೆಯ ಮೇಲೆ. ನೀರಿದ್ದದ್ದು ಕೆಳಗೆ, ಊರಿನ ಸಿಹಿನೀರಿನ ಕೊಳದಲ್ಲಿ. ನೀರನ್ನು ಮೇಲಕ್ಕೆ ಹೊರುವ ಬದಲು ಸುಣ್ಣವನ್ನೇ ಕೆಳಕ್ಕೆ ಒಯ್ದರಾಯಿತು ಎಂದು ಮೇಸ್ತ್ರಿ ಪುಟ್ಟಮಾದಯ್ಯ ಕೊಳದ ದಂಡೆಯ ಮೇಲೇ ಗುಂಡಿ ತೋಡಿಸಿದ. ಸಂಜೆ ಕೆಲಸ ಬಿಟ್ಟ ಮೇಲೆ ಆಳುಗಳು ಬಾಂಡ್ಲಿ, ಗೂಡೆ, ಕರಣೆಗಳನ್ನೆಲ್ಲ ಕೊಳದ ಮೆಟ್ಟಿಲ ಮೇಲೇ ತೊಳೆದು, ಕೈಕಾಲನ್ನೂ ಅಲ್ಲೇ ತೊಳೆದುಕೊಂಡು ಮನೆಗೆ ಹೋಗುತ್ತಿದ್ದರು.

ಊರಿಗೆಲ್ಲ ಕುಡಿಯುವ ನೀರು ಆ ಕೊಳದ್ದೇ. ಮೇಲುಬೀದಿಯಲ್ಲಿ ಒಂದು ಸೇದುವ ಬಾವಿಯೇನೋ ಇತ್ತು. ಆದರೆ ಅದರ ನೀರು ಉಪ್ಪು. ದನಕ್ಕೆ, ಬಟ್ಟೆಗೆ, ಪಾತ್ರೆಗೆ ಸರಿ. ಕುಡಿದರೆ ಬಾಯಿ ಸೊಟ್ಟಗಾಗುತ್ತಿತ್ತು.

ಬೆಟ್ಟಮ್ಮ ಕೊಡ ಸುರಿದು ಹೋದ ವಾರದಲ್ಲೇ ಪದ್ಮಮ್ಮನವರು ಆ ಊರಿಗೆ ಬಂದರು. ಅವರು ಮದ್ದೂರು ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವವರು. ಬೆಟ್ಟಮ್ಮನ ಸೊಸೆಗೆ ಹೆರಿಗೆ ಮಾಡಿಸಿದ್ದವರೂ ಅವರೇ. ಬಾಣಂತಿಯನ್ನೂ ಕೂಸನ್ನೂ ನೋಡಿ ಹೋಗಲು ಬಂದಿದ್ದರು. ನೋಡಿದರೆ ಕೂಸಿನ ಮೈ ತುಂಬ ಕೆಂಪು ಕೆಂಪು ಗಂದೆ.

"ಮಗೂಗೆ ಯಾವ ನೀರು ಎರೀತೀರಿ?" ಎಂದು ಕೇಳಿದರು.

"ಕೊಳದ್ದೇ ಕಣ್ರವ್ವ. ಉಪ್ನೀರು ಬ್ಯಾಡ ಅಂತ ಅಲ್ಲಿಂದ್ಲೇ ತತ್ತೀವಿ" ಎಂದಳು ಬೆಟ್ಟಮ್ಮ.

ಪದ್ಮಮ್ಮನವರು ಕೊಳಕ್ಕೆ ಹೋಗಿ ನೋಡಿದರು. ಅಲ್ಲಿಂದ ನೇರವಾಗಿ ಮಹದೇವಯ್ಯನ ಮನೆಗೆ ಬಂದರು. ಅವನ ಹೆಂಡತಿ ಶಿವನಂಜಮ್ಮ ಮಣೆ ಹಾಕಿ ಮಜ್ಜಿಗೆ ಕೊಟ್ಟಳು.

"ಮಹದೇವಯ್ಯನೋರೇ, ಆ ಗುಂಡೀನ ಅಲ್ಲಿಂದ ಎತ್ತಿಸಿಬಿಡಿ. ಸುಣ್ಣ ಜಿನುಗಿ ಜಿನುಗಿ ಕೊಳಕ್ಕೆ ಇಳೀತಾ ಇದೆ."

"ಇಳುದ್ರೆ ಇಳೀಲಿ ಬುಡ್ರವ್ವ! ಓದ್ಸಲ ವಾಂತಿಬೇದಿ ಬಂದಾಗ ಸರ್ಕಾರದೋರೇ ಬಂದು ಮೇಲ್ಬೀದಿ ಬಾವಿಗೆ ಬಿಳೀ ಪುಡಿ ಆಕ್ಲಿಲ್ವಾ? ನೀರು ಸುದ್ಧ ಆಯ್ತದೆ ಅಂತ ನೀವೇ ಯೋಳುದ್ರಿ. ಅದೂ ಬೆಳ್ಳಗೇ ಅದೆ, ಇದೂ ಬೆಳ್ಳಗೇ ಅದೆ. ಅವರು ಒಂದು ಡಬ್ಬ ಆಕುದ್ರೆ ನಾನು ಗಾಡಿಗಟ್ಲೆ ಆಕಿವ್ನಿ. ನ್ಯಾಯವಾಗಿ ನಂಗೊಂದು ಮೈಸೂರು ಪೇಟ ಸುತ್ತುಸ್ಬೇಕು ನೀವು."

ಪದ್ಮಮ್ಮನವರಿಗೆ ಮಜ್ಜಿಗೆ ನೆತ್ತಿಗೆ ಹತ್ತುವಷ್ಟು ನಗು ಬಂತು.

"ಅಕ್ಕಿಹಿಟ್ಟೂ ಬೆಳ್ಳಗಿರುತ್ತೆ, ಒಲೆ ಬೂದೀನೂ ಬೆಳ್ಳಗಿರುತ್ತೆ. ಶಿವನಂಜಮ್ಮ ಬೂದೀಲಿ ರೊಟ್ಟಿ ತಟ್ಟಿ ಕೊಟ್ರೆ ತಿಂತೀರಾ? ಆ ಪುಡಿ ರೋಗದ ಹುಳ ಸಾಯಿಸೋ ಔಷಧಿ. ಬಾವಿ ಎಷ್ಟು ಅಗಲ, ನೀರು ಎಷ್ಟು ಆಳ ಅಂತ ಅಳೆದು, ಅದಕ್ಕೆ ತಕ್ಕಷ್ಟೇ ಹಾಕ್ತಾರೆ. ನೀವು ಹಾಕ್ತಿರೋದು ಗೋಡೆ ಕಟ್ಟೋ ಸುಣ್ಣ. ಎಲೆ ಅಡಿಕೆ ಹಾಕೋರಲ್ವಾ ನೀವು? ಒಂದು ದಿನ ಸುಣ್ಣ ಜಾಸ್ತಿ ಆದ್ರೆ ಏನಾಗುತ್ತೆ?"

"ಬಾಯಿ ಬೆಂದೋಯ್ತದೆ."

"ಉಗುರಿನ ತುದೀಲಿ ತೆಗೆದ ಸುಣ್ಣಕ್ಕೇ ನಿಮ್ಮಂಥಾ ಗಟ್ಟಿ ಆಳಿನ ಬಾಯಿ ಬೇಯುತ್ತೆ. ಬೆಟ್ಟಮ್ಮನ ಮೊಮ್ಮಗೂದು ಇನ್ನೂ ಎಳೇ ಮೈ. ಹೋಗಿ ನೋಡಿಕೊಂಡು ಬನ್ನಿ."

ಶಿವನಂಜಮ್ಮ ಮುಂದೆ ಬಂದು, "ಗುಂಡಿ ಎಲ್ ತೋಡ್ಬೇಕು, ಎಂಗೆ ತೋಡ್ಬೇಕು, ಅದ ಯೋಳಿ ಅವ್ವಾರೇ" ಎಂದಳು.

"ಕೊಳದಿಂದ ದೂರ ಇರಬೇಕು. ಇಳಿಜಾರು ಕೊಳದ ಕಡೆಗಿರಬಾರದು. ನಿಮ್ಮ ಹಿತ್ತಲಲ್ಲೇ ತೋಡಿ. ಒಳಗೆ ಜೇಡಿಮಣ್ಣು ಮೆತ್ತಿ ಚೆನ್ನಾಗಿ ಬಡಿಸಿ. ಸುತ್ತ ಎತ್ತರವಾಗಿ ಏರಿ ಹಾಕಿಸಿ. ಮಳೆ ನೀರು ಒಳಗೆ ನುಗ್ಗಬಾರದು, ಒಳಗಿನ ಸುಣ್ಣ ಹೊರಗೆ ಹರೀಬಾರದು. ಬಾಂಡ್ಲಿ ಗೂಡೆ ತೊಳೆಯೋಕೆ ಒಂದು ಹಳೇ ಬಾನಿ ಇಡಿ. ಆ ನೀರನ್ನ ಚೆಲ್ಲಬೇಡಿ. ಮಾರನೇ ದಿನ ಗಾರೆ ಕಲಸೋಕೆ ಅದೇ ಆಗುತ್ತೆ."

"ಎಲ್ಲಾ ಸರಿ ಕಣ್ರವ್ವ, ಮದ್ವೆ ಒಂದು ಕಳೀಲಿ" ಎಂದ ಮಹದೇವಯ್ಯ. "ಈಗ ಗುಂಡಿ ಕಿತ್ರೆ ಕೆಲ್ಸ ನಿಂತೋಯ್ತದೆ. ಬೀಗರು ಬಂದು ಬೋಳು ಇಟ್ಟಿಗೆ ನೋಡ್ಬೇಕಾ?"

"ಇವ್ರಿಗೆ ಗೋಡೆ ಬುಟ್ರೆ ಬ್ಯಾರೆ ಏನೂ ಕಾಣಾಕಿಲ್ಲ. ಗೋಡೆಗೇ ತಾಳಿ ಕಟ್ಟುಸ್ತಾರೋ ಏನೋ" ಎಂದು ಶಿವನಂಜಮ್ಮ ಗೊಣಗುತ್ತಾ ಒಳಗೆ ಹೋದಳು.

ಮಳೆಗೆ ಮದುವೆಯ ಲೆಕ್ಕವಿಲ್ಲ. ಮದುವೆ ಹತ್ತಿರವಾಗಿ ಚಪ್ಪರದ ಗಳು ನೆಡುತ್ತಿದ್ದ ದಿನ, ಮಧ್ಯಾಹ್ನದ ಸೆಖೆಯ ಹಿಂದೆಯೇ ಜಡಿಮಳೆ ಬಂತು. ದಿಣ್ಣೆಯ ಮೇಲಿನ ನೀರೆಲ್ಲ ಗುಂಡಿಗೆ ನುಗ್ಗಿ ಅದರ ಅಂಚು ಒಡೆಯಿತು. ಸುಣ್ಣದ ತಿಳಿ ಹಾಲು ಚೆಲ್ಲಿದ ಹಾಗೆ ಕೊಳದೊಳಕ್ಕೆ ಇಳಿಯಿತು. ಮಹದೇವಯ್ಯನೂ ಪುಟ್ಟಮಾದಯ್ಯನೂ ತಲೆಗೆ ಗೋಣಿಚೀಲದ ಗೊಪ್ಪೆ ಹಾಕಿಕೊಂಡು ಓಡಿ, ಒಡೆದ ಕಡೆ ಮಣ್ಣು ಮೆತ್ತಿದರು.

"ಅಣ್ಣ, ಊರೋರ್ಗೆ ಒಂದ್ ಮಾತು ಯೋಳ್ಬುಡಾದು ವಾಸಿ" ಎಂದ ಪುಟ್ಟಮಾದಯ್ಯ.

"ಯೋಳುದ್ರೆ ಬೆಟ್ಟಕ್ಕ ಕೊಡ ಅಲ್ಲ ಕಣ್ಲಾ, ಕೊಳನೇ ಎತ್ಕಂಬಂದು ನನ್ ಬಾಗ್ಲಿಗೆ ಸುರೀತಾಳೆ. ಸುಮ್ಕಿರು."

ಮಾರನೆಯ ದಿನ ಕೊಳದಲ್ಲಿ ಮೀನು ಸತ್ತು ತೇಲಿದವು. "ಬಿಸ್ಲಿನ ಜಳ ಕಣ್ರಪ್ಪ, ತಡೀಲಿಲ್ಲ" ಎಂದ ಮಹದೇವಯ್ಯ. ಹಿಂದಿನ ದಿನ ಮಳೆಯಲ್ಲಿ ನೆಂದಿದ್ದ ಜನ ಅವನ ಮುಖವನ್ನೇ ನೋಡಿದರು. ಮದುವೆ ಮನೆಯವನ ಹತ್ತಿರ ಜಗಳವೇಕೆಂದು ಸುಮ್ಮನಾದರು. ಕೆಲವರು ಉಪ್ಪುನೀರನ್ನೇ ಮೂಗು ಹಿಡಿದು ಕುಡಿದರು. ಉಳಿದವರು ಕೊಳದ ಆಚೆ ಮಗ್ಗುಲಿಗೆ ಹೋಗಿ ಕೊಡ ಅದ್ದಿ ತಂದರು.

ಧಾರೆಗೆ ಹಿಂದಿನ ದಿನ ಮಳವಳ್ಳಿ ಕಡೆಯಿಂದ ಬೀಗರ ಗಾಡಿಗಳು ಗೆಜ್ಜೆ ಕುಣಿಸಿಕೊಂಡು ಬಂದವು. ಮುಂದಿನ ಗಾಡಿಯಿಂದ ಇಳಿದವಳು ಗಂಡಿನ ಸೋದರತ್ತೆ ಮುದ್ದಮ್ಮ. ಮಳವಳ್ಳಿ ಸಂತೆಯಲ್ಲಿ ದನ ಕೊಳ್ಳುವ ಗಂಡಸರು ಎತ್ತಿನ ಹಲ್ಲು ನೋಡಿಸುವುದಕ್ಕೆ ಅವಳನ್ನು ಕರೆಯುತ್ತಿದ್ದರಂತೆ. ಅಷ್ಟು ಚುರುಕು ಕಣ್ಣು. ಬಂದವರಿಗೆ ಬೆಲ್ಲ ನೀರು ಕೊಟ್ಟರು. ಮುದ್ದಮ್ಮ ಒಂದು ಗುಟುಕು ಕುಡಿದು ಚೊಂಬನ್ನು ಕೆಳಗಿಟ್ಟಳು.

"ಇದೇನ್ ಬೀಗ್ರೇ, ನೀರು ನಾಲ್ಗೆ ಕಚ್ತದೆ? ಬರೋವಾಗ ಕೊಳದ ತಾವ ಸುಣ್ಣದ ಗುಂಡಿ ಕಂಡಂಗಾಯ್ತು."

ಚಪ್ಪರದ ತುಂಬ ಜನ. ಎಲ್ಲರ ಎದುರಿಗೆ ಮಹದೇವಯ್ಯ ಎದೆಯ ಮೇಲೆ ಕೈಯಿಟ್ಟು ಹೇಳಿಬಿಟ್ಟ. "ನಮ್ ಮನೇದೇವ್ರು ಮಾದಪ್ಪನಾಣೆ! ಕೊಳಕ್ಕೆ ಒಂದ್ ಅನಿ ಸುಣ್ಣ ಬಿದ್ದಿಲ್ಲ. ನಮ್ಮೂರ ನೀರಿನ ಗುಣವೇ ಅಂಗೆ."

ಬಾಗಿಲ ಮರೆಯಲ್ಲಿದ್ದ ಶಿವನಂಜಮ್ಮ ನಾಲಿಗೆ ಕಚ್ಚಿಕೊಂಡಳು. ಮದುವೆಗೆಂದು ಬಂದಿದ್ದ ಪದ್ಮಮ್ಮನವರು ಅವಳ ಮುಖ ನೋಡಿದರು. ಬೆಟ್ಟಮ್ಮ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ವಾಲಗ ಶುರುವಾಯಿತು.

ಆ ಕಡೆ ಒಂದು ಪದ್ಧತಿಯುಂಟು. ಧಾರೆಯ ಹಿಂದಿನ ದಿನ ಮುತ್ತೈದೆಯರು ಹೊಸ ಕೊಡ ಹೊತ್ತು, ವಾಲಗದ ಜೊತೆ ಊರಿನ ಸಿಹಿನೀರಿಗೆ ಹೋಗುತ್ತಾರೆ. ಗಂಗೆಗೆ ಪೂಜೆ ಮಾಡಿ ನೀರು ತರುತ್ತಾರೆ. ಹೆಣ್ಣಿಗೂ ಗಂಡಿಗೂ ಹಚ್ಚುವ ಅರಿಶಿನವನ್ನು ಆ ನೀರಿನಲ್ಲೇ ಕಲಸಬೇಕು. ಕಲಸುವವಳು ಗಂಡಿನ ಕಡೆಯ ಹಿರಿಯ ಮುತ್ತೈದೆ. ಮುದ್ದಮ್ಮ ಸೆರಗು ಸಿಕ್ಕಿಸಿಕೊಂಡು ಕೂತಳು. ಹಿತ್ತಾಳೆ ತಟ್ಟೆಗೆ ಅರಿಶಿನ ಸುರಿದು, ಹೊಸ ಕೊಡದಿಂದ ನೀರು ಬಗ್ಗಿಸಿ ಕೈಯಾಡಿಸಿದಳು.

ಅರಿಶಿನ ಕೆಂಪಾಯಿತು. ಆರತಿಗೆ ಕಲಸಿದ ಓಕುಳಿಯ ಹಾಗೆ, ಕಡುಗೆಂಪು.

ವಾಲಗ ನಿಂತಿತು.

"ನಿಮ್ ಕೈಯಲ್ಲೇ ಎಲೆಗಾಕೋ ಸುಣ್ಣ ಇತ್ತೇನೋ ಕಣವ್ವ" ಎಂದಳು ಬೆಟ್ಟಮ್ಮ.

ಮುದ್ದಮ್ಮ ಏಳಲಿಲ್ಲ, ಕೂಗಲೂ ಇಲ್ಲ. ತನ್ನ ತಂಗಿಗೆ, ಗಾಡಿಯ ಹತ್ತಿರ ಹೋಗಿ ತಮ್ಮೂರಿಂದ ತಂದ ನೀರಿನಲ್ಲಿ ಶೀಗೆಪುಡಿ ಹಾಕಿ ಕೈ ಉಜ್ಜಿ ತೊಳೆದು ಬರಲು ಹೇಳಿದಳು. ಬೇರೆ ತಟ್ಟೆ ತರಿಸಿ, ಬೇರೆ ಅರಿಶಿನ ಹಾಕಿಸಿ, ತಂಗಿಯ ಕೈಯಲ್ಲಿ ಕಲಸಿಸಿದಳು. ಅದೂ ಕೆಂಪಾಯಿತು.

"ಸುಣ್ಣ ಕೂಡುದ್ರೆ ಅರಿಸಿನ ಕೆಂಪಾಯ್ತದೆ ಅನ್ನಾದು ನಂಗೂ ಗೊತ್ತು" ಎಂದಳು ಮುದ್ದಮ್ಮ. "ನಾನೇನು ಓಕುಳಿ ಕಲಸ್ದೋಳಲ್ವಾ? ಆದ್ರೆ ಕೊಳಕ್ಕೆ ಒಂದ್ ಅನಿ ಸುಣ್ಣ ಬಿದ್ದಿಲ್ಲ ಅಂತ ಬೀಗರು ಮಾದಪ್ಪನ ಮ್ಯಾಲೆ ಆಣೆ ಮಡಗವ್ರೆ. ದೇವ್ರ ಆಣೆ ಸುಳ್ಳಾಯ್ತದಾ? ಇಲ್ಲ. ಅಂಗಾದ್ರೆ ಸುಣ್ಣ ಇಲ್ದೇನೇ ಅರಿಸಿನ ಕೆಂಪಾಯ್ತು. ಇದು ಒಳ್ಳೆ ಸಕುನ ಅಲ್ಲ. ಈ ಎಣ್ಣು ನಮಗಾಗಾಕಿಲ್ಲ. ಏಯ್, ಗಾಡಿ ಕಟ್ರಪ್ಪ."

ಒಳಮನೆಯಲ್ಲಿ ಇಂದ್ರಮ್ಮ ಹಸೆಯ ಮೇಲೆ ಕೂತಿದ್ದಳು. ಈ ಮಾತು ಅವಳ ಕಿವಿಗೂ ಬಿತ್ತು. ಹೊರಗೆ ಎತ್ತಿನ ಗೆಜ್ಜೆ ಸದ್ದಾಯಿತು. ಗಾಡಿ ಹಿಂದಕ್ಕೆ ಹೋಯಿತೆಂದರೆ ಮುಗಿಯಿತು. ಅಪಶಕುನದ ಹೆಣ್ಣು ಎಂಬ ಹೆಸರು ಹೊತ್ತವಳ ಬಾಗಿಲಿಗೆ ಇನ್ನೊಬ್ಬ ಗಂಡು ಬರುವುದುಂಟೆ?

ಶಿವನಂಜಮ್ಮ ಗಂಡನ ಎದುರಿಗೆ ಬಂದು ನಿಂತಳು. "ಇಂದ್ರಮ್ಮನ ಅಪ್ಪ, ನಿಮ್ಗೆ ಗೋಡೆ ಬೇಕೋ ಮಗಳು ಬೇಕೋ? ಈಗ್ಲೇ ಯೋಳ್ಬುಡಿ."

ಮಹದೇವಯ್ಯ ಎದ್ದು ಓಡಿದ. ಎತ್ತಿನ ನೊಗವನ್ನೇ ಹಿಡಿದುಕೊಂಡು ಕೂಗಿದ. "ಗಾಡಿ ನಿಲ್ಸಿ! ಸುಣ್ಣ ಬಿದ್ದದೆ! ಅನಿ ಅಲ್ಲ ಕಣ್ರಪ್ಪ, ಗುಂಡಿಗೆ ಗುಂಡೀನೇ ಬಿದ್ದದೆ! ಮಳೆ ದಿವ್ಸ ಗುಂಡಿ ಒಡೆದೋಗಿ ಎಲ್ಲಾ ಕೊಳಕ್ಕೆ ಓಯ್ತು. ನಾನೇ ಮುಚ್ಚಿಟ್ಟೆ. ಆಣೆ ಸುಳ್ಳಾಣೆ!"

ಮುದ್ದಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಆಗ ಬಿದ್ದಿಲ್ಲ ಅಂತ ಆಣೆ. ಈಗ ಬಿದ್ದದೆ ಅಂತ ಬೊಬ್ಬೆ. ಮಗಳ ಮದ್ವೆ ನಿಂತೋಯ್ತದೆ ಅಂತ ಬಾಯ್ಗ್ ಬಂದಂಗೆ ಯೋಳ್ತಾ ಅವ್ರೆ. ನಾನು ನಂಬಾಕಿಲ್ಲ."

ಸುಳ್ಳು ಹೇಳಿದಾಗ ನಂಬಿದವರು ನಿಜ ಹೇಳಿದರೆ ನಂಬಲಿಲ್ಲ. ಮಹದೇವಯ್ಯ ಅಳುವ ದನಿಯಲ್ಲಿ ಸಾಕ್ಷಿ ಹುಡುಕಿದ. "ಬೆಟ್ಟಕ್ಕ, ನೀನಾದ್ರೂ ಯೋಳು! ನಿನ್ ಕೊಡದಲ್ಲಿ ಕೆನೆ ಕಟ್ಟಿರ್ಲಿಲ್ವಾ? ಪುಟ್ಟಮಾದ, ಯೋಳ್ಲಾ! ನಾವಿಬ್ರೂ ಮಣ್ಣು ಮೆತ್ತಲಿಲ್ವಾ? ಮೀನು ಸತ್ತಿದ್ದು ಬಿಸ್ಲಿಗಲ್ಲ, ಸುಣ್ಣಕ್ಕೆ ಕಣ್ರೋ!"

"ನೀವೆಲ್ಲಾ ಒಂದೇ ಊರೋರು. ಸಾಕ್ಷಿ ಯೋಳ್ದೆ ಇರ್ತೀರಾ?" ಎಂದಳು ಮುದ್ದಮ್ಮ.

ಆಗ ಒಳಮನೆಯ ಬಾಗಿಲು ತೆರೆಯಿತು. ಮದುಮಗಳು ತಾನಾಗಿ ಚಪ್ಪರಕ್ಕೆ ಬರುವುದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಇಂದ್ರಮ್ಮ ಬಂದು ಮುದ್ದಮ್ಮನ ಎದುರಿಗೆ ತಲೆ ಬಗ್ಗಿಸಿ ನಿಂತಳು. ದನಿ ಮಾತ್ರ ಗಟ್ಟಿಯಾಗಿತ್ತು.

"ಅತ್ತೆ, ಒಂದ್ ಮಾತು ಕೇಳ್ತೀನಿ, ಕ್ವಾಪ ಮಾಡ್ಕಾಬ್ಯಾಡಿ. ದೋಸ ನನ್ನಲ್ಲಿದ್ರೆ, ನಾನು ಯಾವ್ ನೀರಲ್ಲಿ ಕಲಸುದ್ರೂ ಅರಿಸಿನ ಕೆಂಪಾಗ್ಬೇಕು, ಅಲ್ವಾ? ದೋಸ ಕೊಳದಲ್ಲಿದ್ರೆ ಕೊಳದ ನೀರು ಮಾತ್ರ ಕೆಂಪಾಗ್ಬೇಕು. ನೀರು ನೀವೇ ತರ್ಸಿ. ಅರಿಸಿನ ನಿಮ್ದೇ ಕೊಡಿ. ನಮ್ಮೋರು ಯಾರೂ ಮುಟ್ಟಾದು ಬ್ಯಾಡ."

ಮಾತು ಮುದ್ದಮ್ಮನ ತಲೆಗೆ ಸರಿಯಾಗಿ ಹಿಡಿಯಿತು. ತನ್ನ ಕಡೆಯ ಹೆಂಗಸರನ್ನೇ ಕಳಿಸಿದಳು. ಒಂದು ದೊನ್ನೆಯಲ್ಲಿ ಗುಂಡಿಯ ಪಕ್ಕದ ಕೊಳದ ನೀರು ಬಂತು. ಇನ್ನೊಂದರಲ್ಲಿ ಮೇಲುಬೀದಿಯ ಬಾವಿಯ ಉಪ್ಪುನೀರು. ಮೂರನೆಯದಕ್ಕೆ ಗಾಡಿಯ ಕೆಳಗೆ ಕಟ್ಟಿಕೊಂಡು ಬಂದಿದ್ದ ಮಡಕೆಯಿಂದ ತಮ್ಮೂರ ನೀರನ್ನೇ ಬಗ್ಗಿಸಿದಳು. ಇಂದ್ರಮ್ಮ ಒಂದೊಂದಕ್ಕೂ ಅರಿಶಿನ ಹಾಕಿ, ನಡುವೆ ಕೈ ತೊಳೆದುಕೊಂಡು ಕಲಸಿದಳು. ಚಪ್ಪರದಲ್ಲಿ ಕೂಸುಗಳೂ ಅಳು ನಿಲ್ಲಿಸಿದ್ದವು.

ಬಾವಿಯ ನೀರು ಹಳದಿ. ಗಾಡಿಯ ನೀರು ಹಳದಿ. ಕೊಳದ ನೀರು ಕೆಂಪೋ ಕೆಂಪು.

"ಅತ್ತೆ, ನಮ್ಮೂರ ನೀರು ಅಳದಿ ಆಯ್ತಲ್ಲ. ಇನ್ ಎತ್ತು ಬಿಚ್ಚುಸ್ಲಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ನೋಡಿದರೆ ಮದುಮಗ ಪುಟ್ಟರಾಜು. ಚಪ್ಪರವೆಲ್ಲ ಗೊಳ್ಳೆಂದಿತು.

ಮುದ್ದಮ್ಮನೂ ನಕ್ಕುಬಿಟ್ಟಳು. ಇಂದ್ರಮ್ಮನ ಗಲ್ಲ ಹಿಡಿದೆತ್ತಿ, "ಬುದ್ವಂತೆ ಕಣಮ್ಮಿ ನೀನು. ಸದ್ಯ, ಅಪ್ಪನಂಗಾಗ್ಲಿಲ್ಲ" ಎಂದಳು. ಆಮೇಲೆ ಮಹದೇವಯ್ಯನ ಕಡೆ ತಿರುಗಿದಳು. "ಬೀಗ್ರೇ, ಎಣ್ಣು ಒಪ್ಪಿದ್ವಿ. ಆದ್ರೆ ಊರ್ಗೆಲ್ಲಾ ಸುಣ್ಣ ಕುಡ್ಸಿದ ಮನೇಲಿ ನಾವು ಎಲೆ ಮುಂದೆ ಕೂರಾಕಿಲ್ಲ. ಮೊದ್ಲು ಗುಂಡಿ ಎತ್ಸಿ. ಆಮ್ಯಾಕೆ ಊಟ."

"ಈಗ್ಲೇ ಎತ್ತುಸ್ತೀನಿ ಕಣ್ರವ್ವ! ನಾನೇ ಎತ್ತುತೀನಿ!" ಎಂದ ಮಹದೇವಯ್ಯ. ಮದುವೆಯ ಹೊಸ ಪಂಚೆಯನ್ನು ಮೇಲೆ ಕಟ್ಟಿ ಗುದ್ದಲಿ ಹುಡುಕಲು ಓಡಿದ.

ಆ ಸಂಜೆ ಆ ಊರಿನಲ್ಲಿ ನಡೆದಂಥ ಮದುವೆಯ ಶಾಸ್ತ್ರ ಬೇರೆಲ್ಲೂ ನಡೆದಿರಲಾರದು. ಎರಡೂ ಕಡೆಯ ನೆಂಟರು ಸಾಲು ನಿಂತರು. ಹಿತ್ತಲಲ್ಲಿ ಹೊಸ ಗುಂಡಿ ತೋಡಿದರು. ಜೇಡಿಮಣ್ಣು ತುಳಿದು, ಮೆತ್ತಿ, ಕೊಡತಿಯಲ್ಲಿ ಬಡಿದರು. ಸುತ್ತಲೂ ಮೊಣಕಾಲೆತ್ತರ ಏರಿ ಕಟ್ಟಿದರು. ಕೊಳದ ದಂಡೆಯಿಂದ ಸುಣ್ಣವನ್ನು ಗೂಡೆಗಳಲ್ಲಿ ತುಂಬಿ ಮೇಲಕ್ಕೆ ಸಾಗಿಸಿದರು. ಪದ್ಮಮ್ಮನವರು ನಡುವೆ ಓಡಾಡಿಕೊಂಡು, "ಬರಿಗಾಲಲ್ಲಿ ತುಳೀಬೇಡಿ, ಗೋಣಿ ಸುತ್ತಿಕೊಳ್ಳಿ. ಕಣ್ಣಿಗೆ ಸಿಡಿದೀತು, ಮಕ್ಕಳನ್ನ ದೂರ ಕಳಿಸಿ" ಎನ್ನುತ್ತಿದ್ದರು. ಪುಟ್ಟರಾಜು ಬಾಸಿಂಗ ಕಟ್ಟುವ ಮುಂಚೆಯೇ ಮಾವನ ಜೊತೆ ಗುದ್ದಲಿ ಹಿಡಿದ. ವಾಲಗದವರು ಸುಮ್ಮನೆ ಕೂರಲಾರದೆ ವಾಲಗ ಊದಿದರು.

"ಅವ್ವಾರೇ, ಕೊಳದ ನೀರ್ನ ಚೆನ್ನಾಗ್ ಕಾಯ್ಸಿ ಅಡ್ಗೆ ಮಾಡುದ್ರೆ ಆಗಾಕಿಲ್ವಾ?" ಎಂದು ಶಿವನಂಜಮ್ಮ ಕೇಳಿದಳು.

"ಕಾಯಿಸಿದ್ರೆ ರೋಗದ ಹುಳ ಸಾಯುತ್ತೆ, ಸುಣ್ಣ ಹೋಗಲ್ಲ" ಎಂದರು ಪದ್ಮಮ್ಮ. "ಪಕ್ಕದೂರಿಂದ ಪೀಪಾಯೀಲಿ ನೀರು ತರಿಸಿ. ಇನ್ನೊಂದು ಮಾತು. ಅರಿಶಿನ ಹಳದಿಯಾಗೇ ಉಳೀತು, ನೀರು ಚೆನ್ನಾಗಿದೆ ಅಂತ ನಂಬಿ ಕೂರಬೇಡಿ. ಅರಿಶಿನ ಹೇಳೋದು ಸುಣ್ಣದ ಸುದ್ದಿ ಮಾತ್ರ. ಬಣ್ಣದ ನೀರು, ಚರ್ಮ ಹದ ಮಾಡಿದ ನೀರು, ರೋಗದ ಹುಳ, ಇವು ಯಾವುದನ್ನೂ ಅದು ಹೇಳಲ್ಲ."

ಮಾರನೆಯ ದಿನ ಧಾರೆ ಚೆನ್ನಾಗಿ ನಡೆಯಿತು. ಹೊಸ ಮನೆಯ ಗೋಡೆ ಬೋಳು ಇಟ್ಟಿಗೆಯಾಗಿಯೇ ಉಳಿದಿತ್ತು. ಹೂವಿನ ಸರ, ಮಾವಿನ ಸೊಪ್ಪು, ಜನದ ಗದ್ದಲದಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಮಹದೇವಯ್ಯನ ಕಣ್ಣಿಗೂ ಬೀಳಲಿಲ್ಲ. ಅವನು ಮಗಳ ಮುಖವನ್ನೇ ನೋಡುತ್ತಿದ್ದ.

ಹೆಣ್ಣು ಕಳಿಸಿಕೊಟ್ಟ ಮೇಲೆ ಅವನು ಮೊದಲು ಮಾದಪ್ಪನಿಗೆ ತಪ್ಪುಕಾಣಿಕೆ ಕಟ್ಟಿದ. ಆಮೇಲೆ ಆಳು ಕೂಡಿಸಿ ಕೊಳದ ನೀರನ್ನು ಏತ ಹಾಕಿ ಎತ್ತಿಸತೊಡಗಿದ. ಒಬ್ಬ ಆಳು, "ನಾಲೆ ಕಾಲುವೆಗೆ ಬುಟ್ಬುಟ್ರೆ ಬ್ಯಾಗ ಆಯ್ತದೆ" ಎಂದ. "ಬುಟ್ಟೀಯಾ ಮತ್ತೆ! ಕೆಳಗಿನೂರೋರು ಅದ ಕುಡೀತಾರೆ ಕಣ್ಲಾ" ಎಂದು ಮಹದೇವಯ್ಯ ರೇಗಿದ. ಆ ನೀರಿನಲ್ಲಿ ಇಟ್ಟಿಗೆ ನೆನೆಹಾಕಿದ, ಗಾರೆ ಕಲಸಿದ. ಮಿಕ್ಕದ್ದನ್ನು ಬಾವಿ, ಕೊಳ, ಕಾಲುವೆ ಯಾವುದೂ ಇಲ್ಲದ ಬೀಳಿನಲ್ಲಿ ಇಂಗಿಸಿದ. ತಳದಲ್ಲಿ ಕೂತಿದ್ದ ಬಿಳಿ ಕೆಸರನ್ನು ಹೊರಿಸಿ ಹಾಕಿದ. ಹೊಸ ಜಲ ಒಸರಿ, ಮಳೆ ನೀರು ಸೇರಿ ಕೊಳ ತುಂಬುವವರೆಗೂ ಊರಿಗೆಲ್ಲ ತನ್ನ ಗಾಡಿಯಲ್ಲೇ ಪೀಪಾಯಿ ನೀರು ತರಿಸಿಕೊಟ್ಟ. ಬೆಟ್ಟಮ್ಮನ ಮೊಮ್ಮಗುವಿನ ಮೈ ತಿಳಿಯಾಯಿತು.

ಈಗ ಮಹದೇವಯ್ಯನ ಕಾಟ ತಡೆಯುವವರಿಲ್ಲ. ಎಲ್ಲಿ ಯಾರು ಬುನಾದಿ ತೋಡಿದರೂ ಅಲ್ಲಿ ಅವನು ಹಾಜರು. ಮೊನ್ನೆ ನಾಲೆಯ ಪಕ್ಕದಲ್ಲಿ ಒಬ್ಬ ಹೊಸದಾಗಿ ಆಲೆಮನೆ ಹಾಕಿದ. ಕೊಪ್ಪರಿಗೆಯಿಂದ ತೆಗೆದ ಕೊಳೆ, ತೊಳೆದ ನೀರು ಎಲ್ಲವನ್ನೂ ನಾಲೆಗೇ ಬಿಟ್ಟುಕೊಂಡಿದ್ದ. ಕೆಳಗಡೆ ನೀರು ಹುಳಿತು ಗಬ್ಬು ನಾರುತ್ತಿತ್ತು. ಮಹದೇವಯ್ಯ ಹೋಗಿ ಅಡ್ಡ ನಿಂತ.

"ನಿಂಗ್ಯಾಕ್ಲಾ ಮಾದೇವ? ನಾಲೆ ಸರ್ಕಾರದ್ದು" ಎಂದ ಆಲೆಮನೆಯವನು.

"ನಾಲೆ ಸರ್ಕಾರದ್ದು, ಒಟ್ಟೆ ನಮ್ದು ಕಣ್ಲಾ! ಆ ಕೊಳೆನ ತಿಪ್ಪೆಗುಂಡಿಗೆ ಆಕು, ಕಬ್ಬಿಗೆ ಗೊಬ್ರ ಆಯ್ತದೆ. ತೊಳುದ್ ನೀರ್ಗೆ ಒಂದು ಇಂಗುಗುಂಡಿ ತೋಡು. ನಿಂಗಾಗ್ದಿದ್ರೆ ಗುದ್ದಲಿ ಇತ್ಲಾಗ್ ಕೊಡು."

ಆಲೆಮನೆಯವನು ನಗುತ್ತಲೇ ಗುದ್ದಲಿ ಕೊಟ್ಟ. ಮಹದೇವಯ್ಯ ತೋಡಿಯೇ ಬಂದ.

ಈ ಕಥೆ ಓದುತ್ತಿರುವ ಅಣ್ಣಂದಿರೇ, ಓದಿಸಿಕೊಂಡು ಕೇಳುತ್ತಿರುವ ಅಕ್ಕತಂಗಿಯರೇ, ನಮ್ಮ ಸೀಮೆಗೆ ನಾಲೆ ಬಂದಿದೆ, ಕಬ್ಬು ಬಂದಿದೆ, ಕೈಗೆ ನಾಲ್ಕು ಕಾಸೂ ಬರುತ್ತಿದೆ. ಮನೆ ಕಟ್ಟಿ. ಆಲೆಮನೆ ಹಾಕಿ. ಬೇಡವೆನ್ನುವವರು ಯಾರು? ಆದರೆ ಸುಣ್ಣದ ಗುಂಡಿ, ಇಟ್ಟಿಗೆ ಗೂಡು, ಮರಳಿನ ಗುಡ್ಡೆ, ಬಣ್ಣದ ಬಾನಿ, ಚರ್ಮದ ತೊಟ್ಟಿ, ಇವೆಲ್ಲ ಬಾವಿ, ಕೊಳ, ಕೆರೆ, ಕಾಲುವೆಗಳಿಂದ ದೂರವಿರಲಿ. ಸುತ್ತ ಏರಿ ಇರಲಿ. ಕರಣೆ ಬಾಂಡ್ಲಿಗಳನ್ನು ಬಾನಿಯಲ್ಲಿ ತೊಳೆಯಿರಿ, ಆ ನೀರನ್ನು ಕೆಲಸಕ್ಕೇ ಬಳಸಿರಿ. ಕೈ ತಪ್ಪಿ ಕೆಟ್ಟದ್ದು ನೀರಿಗೆ ಬಿದ್ದರೆ ಮುಚ್ಚಿಡಬೇಡಿ. ಆ ಕ್ಷಣವೇ ಊರಿಗೆ ಹೇಳಿ. ಜನ ಬೈಯಬಹುದು, ಬೈದು ಸುಮ್ಮನಾಗುತ್ತಾರೆ. ಮನೆಯವರ ಮಾತಿಗೆ ಬಗ್ಗದವರಿದ್ದರೆ ಊರಿನ ನಾಲ್ಕು ಜನ ಸೇರಿ ಹೋಗಿ ಹೇಳಿ.

ಮನೆ ನಿಮ್ಮದು, ಗದ್ದೆ ನಿಮ್ಮದು. ನೀರು ಮಾತ್ರ ನಿಮ್ಮ ಬಾಗಿಲಲ್ಲಿ ನಿಲ್ಲುವುದಿಲ್ಲ. ನೀವು ಕಾಣದ ಊರಿನ, ನೀವು ಹೆಸರಿಡದ ಕೂಸಿನ ಬಟ್ಟಲಿಗೂ ಅದು ಹರಿದು ಹೋಗುತ್ತದೆ. ಗುದ್ದಲಿ ಎತ್ತುವ ಮುಂಚೆ ಒಂದು ಗಳಿಗೆ ನಿಂತು, ಇಳಿಜಾರು ಯಾವ ಕಡೆಗಿದೆ ನೋಡಿ.